ಇಲಿಮನೆ ಅಣ್ಣನ ರಕ್ತ

ಶಿವಮೊಗ್ಗದಲ್ಲಿ ಕಾಯಿಲೆಯವರ ರಕ್ತ ಬೇಕಾದಷ್ಟು ಸಿಗುತ್ತದೆ. ಆರೋಗ್ಯವಾಗಿರುವವರ ರಕ್ತ ಕೇಳಿ ನೋಡಿ, ಆಗ ಗೊತ್ತಾಗುತ್ತದೆ ಜನರ ಬಂಡವಾಳ. ಸೋಮವಾರ ಉಪವಾಸ. ಮಂಗಳವಾರ, ಶುಕ್ರವಾರ ಮೈಯಿಂದ ರಕ್ತ ತೆಗೆಸಬಾರದು. ಅಮಾವಾಸ್ಯೆಯ ಹಿಂದುಮುಂದೆ ಆ ಮಾತೇ ಎತ್ತುವ ಹಾಗಿಲ್ಲ. ಉಳಿದ ದಿನಗಳಲ್ಲಿ ಒಂದು ಬುಧವಾರ ಬಂದ ಒಬ್ಬ ಮಹಾಶಯರಿಗೆ ಸೂಜಿ ಕಂಡ ತಕ್ಷಣ ಬೈಕನ್ನು ನೋ ಪಾರ್ಕಿಂಗಿನಲ್ಲಿ ಬಿಟ್ಟು ಬಂದದ್ದು ನೆನಪಾಯಿತು. ತೆಗೆದಿಟ್ಟು ಬರುತ್ತೇನೆ ಎಂದು ಹೋದರು. ಇನ್ನೂ ತೆಗೆಯುತ್ತಿದ್ದಾರೆ.

ನಾನಾಗ ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮಾಡುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಬೆಳಿಗ್ಗೆ ಭದ್ರಾವತಿಯ ಜನ್ನಾಪುರದಲ್ಲಿ ಬಸ್ಸು ಹತ್ತುತ್ತಿದ್ದೆ, ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡು ವಾಪಸು ಹೋಗುತ್ತಿದ್ದೆ, ನಡುವೆ ಏನಾದರೂ ಆದರೆ ಅದಕ್ಕೆ ಸಂಶೋಧನೆ ಎಂದು ಹೆಸರು. ವಿಷಯ ಸಂಧಿವಾತ. ಕೀಲು ಹಿಡಿದುಕೊಂಡು ನರಳುವವರ ರಕ್ತದಲ್ಲಿ ಸೈಟೋಕೈನ್ ಎಷ್ಟಿದೆ, ಆರಾಮಾಗಿ ಓಡಾಡುವವರಲ್ಲಿ ಎಷ್ಟಿದೆ ಎಂದು ಅಳೆದು ಹೋಲಿಸಬೇಕಿತ್ತು. ಸೈಟೋಕೈನ್ ಎಂದರೆ ಮೈಕಾಯುವ ಜೀವಕೋಶಗಳು ‘ಬನ್ರೋ, ಇಲ್ಲೇನೋ ಆಗಿದೆ’ ಎಂದು ಒಂದನ್ನೊಂದು ಕರೆಯಲು ಬಿಡುವ ಸಣ್ಣ ಪ್ರೋಟೀನು. ಮೈಯಲ್ಲಿ ಗಲಾಟೆ ಇದ್ದರೆ ಅದು ಏರುತ್ತದೆ. ಇಲ್ಲದಿದ್ದರೆ ಹುಡುಕಿದರೂ ಸಿಗದಷ್ಟು ಕಡಿಮೆ ಇರುತ್ತದೆ.

ಅದನ್ನು ಹಿಡಿಯುವುದು ಆಂಟಿಬಾಡಿಗಳಿಂದ, ಅಂದರೆ ಹೊರಗಿನಿಂದ ಬಂದದ್ದನ್ನು ಗುರುತಿಸಿ ಹಿಡಿದುಕೊಳ್ಳಲು ಮೈ ಮಾಡಿಕೊಳ್ಳುವ ಪ್ರೋಟೀನುಗಳಿಂದ. ಪಡ್ಡಿನ ಕಾವಲಿಯಂಥ ಒಂದು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿ. ಪ್ರತಿ ಗುಳಿಯ ತಳದಲ್ಲಿ ಒಂದು ಆಂಟಿಬಾಡಿ ಅಂಟಿಸಿರುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಅಂದರೆ ಸೀರಂ, ಅದರ ಮೇಲೆ ಹಾಕಿದರೆ ಒಳಗಿರುವ ಸೈಟೋಕೈನನ್ನು ಅದು ಹಿಡಿದುಕೊಳ್ಳುತ್ತದೆ. ತೊಳೆದು, ಮೇಲಿನಿಂದ ಬಣ್ಣ ಬರಿಸುವ ಇನ್ನೊಂದು ಆಂಟಿಬಾಡಿ ಹಾಕಬೇಕು. ಅದು ಸೈಟೋಕೈನಿನ ಇನ್ನೊಂದು ಕಡೆ ಹಿಡಿಯುತ್ತದೆ. ಕೊನೆಗೆ ಹಾಕುವ ದ್ರಾವಣ ನೀಲಿಯಾಗಿ, ಆಮ್ಲ ಬಿದ್ದ ಕೂಡಲೇ ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಸೈಟೋಕೈನ್ ಹೆಚ್ಚು. ಈ ಎರಡೂ ಆಂಟಿಬಾಡಿಗಳನ್ನು ತಯಾರಿಸುವುದು ಇಲಿಯ ಜೀವಕೋಶಗಳಿಂದ. ಇದನ್ನು ಈ ತಟ್ಟೆ, ದ್ರಾವಣಗಳೆಲ್ಲ ಇರುವ ಕಿಟ್ಟಿನ ಜೊತೆ ಬರುವ ಕಾಗದದಲ್ಲಿ ಇರುವೆ ಅಕ್ಷರದಲ್ಲಿ ಬರೆದಿರುತ್ತಾರೆ. ನಾನು ಓದಿದ್ದೆ. ಓದಿ, ಮಡಚಿ, ಡ್ರಾಯರಿನಲ್ಲಿಟ್ಟಿದ್ದೆ.

ಆರೋಗ್ಯವಂತರಿಗಾಗಿ ಬಾಯಿಬಾಯಿ ಬಿಡುತ್ತಿದ್ದಾಗ ತಾವಾಗಿಯೇ ಅಂಗಿಯ ತೋಳು ಮಡಚಿಕೊಂಡು ಬಂದವರು ಇಲಿಮನೆ ಅಣ್ಣ. ನಮ್ಮ ಕಟ್ಟಡದ ಹಿಂದೆ ಪ್ರಯೋಗದ ಇಲಿಗಳನ್ನು ಸಾಕುವ ಕೋಣೆಯೊಂದಿದೆ. ಬೋರ್ಡಿನ ಮೇಲೆ ಅದಕ್ಕೆ ಉದ್ದವಾದ ಇಂಗ್ಲಿಷ್ ಹೆಸರಿದೆ, ನಮಗೆಲ್ಲ ಅದು ಇಲಿಮನೆ. ಅಲ್ಲಿನ ಇಲಿಗಳಿಗೆ ಅನ್ನ ನೀರು ನೋಡಿಕೊಳ್ಳುವವರು ಇವರು. ಐವತ್ತು ದಾಟಿದ ಮನುಷ್ಯ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕಿದ್ದರಂತೆ, ಸಿಕ್ಕಿದ್ದು ಇಲಿ. ಅದರ ಬಗ್ಗೆ ಅವರಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಗಣೇಶನ ಹಬ್ಬದ ಮಾರನೇ ದಿನ, ನಿಯಮಗಿಯಮ ಎಲ್ಲ ಬದಿಗಿಟ್ಟು, ಒಂದೊಂದು ಪಂಜರಕ್ಕೂ ಚೂರು ಕಡುಬು ಇಡುತ್ತಿದ್ದರು. ಯಾರಾದರೂ ಇಲಿ ಕೊಯ್ಯುವ ದಿನ ರಜೆ ಹಾಕಿ, ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು ಕೂರುತ್ತಿದ್ದರು.

ಗ್ಲೌಸ್ ಮಾತ್ರ ಅವರು ಮುಟ್ಟುತ್ತಿರಲಿಲ್ಲ. “ರಬ್ಬರ್ ಕೈ ಕಂಡ್ರೆ ಹೆದರ್ಕೊಳ್ತವೆ ಮೇಡಮ್ಮ, ಪಾಪ,” ಎಂದು ಬರಿಗೈಯಲ್ಲೇ ಹಿಡಿಯುತ್ತಿದ್ದರು. ಇಲಿಗಳೂ ಆ ಪ್ರೀತಿಯನ್ನು ಬರಿಹಲ್ಲಿನಲ್ಲೇ ಹಿಂತಿರುಗಿಸುತ್ತಿದ್ದವು. ಅವರ ಹತ್ತೂ ಬೆರಳಿನಲ್ಲಿ ಕಚ್ಚಿಸಿಕೊಳ್ಳದ ಜಾಗವಿರಲಿಲ್ಲ.

“ತಗಳಿ ಎಷ್ಟು ಬೇಕೋ ಅಷ್ಟು. ಹುಲಿ ರಕ್ತ ಇದು,” ಎಂದು ಕೂತರು. ತೆಗೆದುಕೊಂಡೆ.

ಆ ವಾರದ ತಟ್ಟೆಯಲ್ಲಿ ಉಳಿದ ಆರೋಗ್ಯವಂತರ ಗುಳಿಗಳೆಲ್ಲ ನೀರಿನ ಹಾಗಿದ್ದವು. ಇವರ ಗುಳಿ ಮಾತ್ರ ಕಣ್ಣು ಕುಕ್ಕುವಷ್ಟು ಹಳದಿ. ಬೇರೆ ಸೈಟೋಕೈನಿನ ತಟ್ಟೆಯಲ್ಲಿ ನೋಡಿದೆ, ಅಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ. ಮೈಗೆಲ್ಲ ನಂಜು ಏರಿ ಪ್ರಜ್ಞೆ ತಪ್ಪಿ ಮಲಗಿದವರಲ್ಲಿ ಬರುವ ಅಂಕಿ ಅದು. ಬುದ್ಧಿ ಇರುವವರಾದರೆ ಅಲ್ಲೇ ನಿಂತು ಯೋಚಿಸುತ್ತಿದ್ದರು, ಏಕೆಂದರೆ ಆ ಹೊತ್ತಿಗೆ ಸರಿಯಾಗಿ ಈ ಮನುಷ್ಯ ಇಲಿ ಆಹಾರದ ಮೂಟೆ ಹೆಗಲ ಮೇಲಿಟ್ಟುಕೊಂಡು ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದರು. ನಾನು ಶಿಳ್ಳೆ ಕೇಳಿಸಿಕೊಂಡೆ. ಅಂಕಿಯನ್ನು ನಂಬಿದೆ.

ಸಂಶೋಧನೆಗೆ ರಕ್ತ ಕೊಟ್ಟವರಿಗೆ ಇಂಥ ಅಂಕಿಗಳನ್ನು ಹೇಳಬಾರದು ಎಂಬುದು ನಿಯಮ. ಅದಕ್ಕೆ ನಾನೇ ಸಹಿ ಹಾಕಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅಣ್ಣ ಬಾಗಿಲಲ್ಲಿ ತಲೆ ತೂರಿಸಿ, “ನಂದು ಹೆಂಗಿದೆ ಮೇಡಮ್ಮ? ಹುಲಿ ತಾನೆ?” ಎಂದರು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಬೀದಿಯಲ್ಲಿ ನಾನು ಡಾಕ್ಟರ್ ಆಗಲು ಓದುತ್ತಿದ್ದೇನೆ ಎಂದು ಗೊತ್ತಾಗಿ ಒಬ್ಬೊಬ್ಬರೇ ಮಂಡಿನೋವಿಗೆ ಮಾತ್ರೆ ಕೇಳಲು ಬಂದರು, ನಾನು ಆ ತರದ ಡಾಕ್ಟರ್ ಅಲ್ಲ ಎಂದು ತಿಳಿದು, ಮತ್ತೆ ಯಾಕೆ ಇಷ್ಟು ವರ್ಷ ಓದುತ್ತಿದ್ದಾಳೆ ಎಂದು ನಮ್ಮಮ್ಮನನ್ನು ಕೇಳಿ ಹೋದರು. ಅಂಥವಳನ್ನು ಒಬ್ಬರು ನಿಜವಾದ ಡಾಕ್ಟರನ್ನು ಕೇಳುವ ಹಾಗೆ ಕೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಧ್ವನಿ ತಗ್ಗಿಸಿ, “ಅಣ್ಣಾ, ನಿಮ್ಮ ಮೈಯೊಳಗೆ ಏನೋ ಜೋರಾಗಿ ಉರೀತಿದೆ. ತಡ ಮಾಡಬೇಡಿ, ದೊಡ್ಡ ಡಾಕ್ಟ್ರಿಗೆ ತೋರಿಸಿ,” ಎಂದೆ. ಹಾಗೆ ಹೇಳುವಾಗ ನನಗೆ ಒಂಥರಾ ಖುಷಿಯೇ ಆಯಿತು. ಇವತ್ತಿಗೂ ನಾಚಿಕೆಯಾಗುವುದು ಅದಕ್ಕೆ.

ಅವರು ತೋರಿಸಿದರು. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದೀರಿ ಎಂದು ಬರೆದುಕೊಟ್ಟರು. ಆ ಕಾಗದವನ್ನು ಅಣ್ಣ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು, ಆದರೆ ನಂಬಲಿಲ್ಲ. “ಅವ್ರ ಮಷೀನಿಗೆ ಸಿಗದೇ ಇರೋದು ನಿಮ್ಮ ಫಾರಿನ್ ಕಿಟ್ಟಿಗೆ ಸಿಕ್ಕಿದೆ, ಅಷ್ಟೆ,” ಎನ್ನುತ್ತಿದ್ದರು. ಊಟ ಬಿಟ್ಟರು. ಶಿಳ್ಳೆ ನಿಂತಿತು. ಮೂರು ವಾರದಲ್ಲಿ ಅಂಗಿ ಮೈಮೇಲೆ ಜೋತಾಡತೊಡಗಿತು, ನಾನು ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ.

ಆಮೇಲೊಂದು ದಿನ ಬಾಳೆಹಣ್ಣು, ಎಲೆ ಅಡಿಕೆ ಹಿಡಿದುಕೊಂಡು ಬಂದರು. ಮಗಳಿಗೆ ಗಂಡು ಗೊತ್ತಾಗಿದೆ, ಬರುವ ಸೋಮವಾರ ಹೂ ಮುಡಿಸುವ ಶಾಸ್ತ್ರ, ತಿಂಗಳೊಳಗೆ ಮದುವೆ, ಬರಬೇಕು ಎಂದರು. ಹುಡುಗನ ಮನೆ ಜನ್ನಾಪುರದಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಲೇತ್ ವರ್ಕ್‌ಶಾಪಿನಲ್ಲಿ ಕೆಲಸ.

ಆ ಮಗಳು ನನಗೆ ಚೆನ್ನಾಗಿ ಗೊತ್ತಿದ್ದಳು. ಬಿ.ಎಸ್ಸಿ. ಕೊನೆಯ ವರ್ಷ. ರಜೆಯಲ್ಲಿ ಬಂದು ಅಪ್ಪನ ಜೊತೆ ಇಲಿಗಳ ನೀರಿನ ಬಾಟಲಿ ತುಂಬಿಸುತ್ತಿದ್ದಳು, ನನ್ನ ಪಕ್ಕ ಕೂತು ಹನಿ ಅಳೆದು ಹಾಕುವ ಪಿಪೆಟ್ ಹಿಡಿಯುವುದನ್ನು ನನಗಿಂತ ಬೇಗ ಕಲಿತಿದ್ದಳು. ಅವರ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಡಿಗ್ರಿ ಮುಗಿಸಿರಲಿಲ್ಲ.

“ಓದ್ತಿದಾಳಲ್ಲ ಅಣ್ಣ. ಇನ್ನೊಂದೇ ಪರೀಕ್ಷೆ ಅಲ್ವಾ?” ಎಂದೆ.

“ಪರೀಕ್ಷೆ ಯಾವಾಗ ಬೇಕಾದ್ರೂ ಬರೀಬೋದು ಮೇಡಮ್ಮ. ಅಪ್ಪ ಯಾವಾಗ ಬೇಕಾದ್ರೂ ಇರ್ತಾನಾ? ನಾನು ಇರೋದ್ರೊಳಗೆ ಒಂದು ಮನೆ ಸೇರಿಸ್ಬಿಡ್ತೀನಿ.”

ನನ್ನ ಒಂದು ಗುಳಿ ಹಳದಿ ನೀರಿಗೆ ಆ ಹುಡುಗಿಯ ಓದು ಕೊಚ್ಚಿಕೊಂಡು ಹೋಗುತ್ತಿತ್ತು. ಬಾಳೆಹಣ್ಣನ್ನು ಅಲ್ಲೇ ಬಿಟ್ಟು ನಮ್ಮ ಗೈಡ್ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಒದರಿದೆ.

ಸರ್ ಬೈಯಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ಅಂಕಿ ಎಷ್ಟು ಎಂದು ಕೇಳಿದರು. ಹೇಳಿದೆ.

“ಈ ನಂಬರಿಗೆ ಮನುಷ್ಯ ಐಸಿಯುನಲ್ಲಿ ಮಲಗಿರ್ಬೇಕು ಮಾರಾಯ್ತಿ. ಅವ್ನು ಬೆಳಿಗ್ಗೆ ತಾನೇ ನನ್ನ ಕಾರು ತೊಳೆದು ಹೋದ.” ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, “ಎಲ್ಲಾ ಸೈಟೋಕೈನೂ ಒಟ್ಟಿಗೇ ಏರಿದ್ಯಾ? ಅವ್ನು ಇಲಿ ಹೆಂಗೆ ಹಿಡೀತಾನೆ?” ಎಂದರು.

“ಬರಿಗೈಯಲ್ಲಿ ಸರ್.”

“ಕಿಟ್ಟಿನ ಕಾಗದ ಓದಿದ್ಯಾ?”

“ಓದಿದೀನಿ ಸರ್.”

“ಇನ್ನೊಂದ್ಸಲ ಓದು. ಈ ಸಲ ಕಣ್ಣು ಬಿಟ್ಕೊಂಡು.”

ಓದಿದೆ. ಆಗ ಹೊಳೆಯಿತು, ಹೊಳೆದ ಕೂಡಲೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ವರ್ಷಾನುಗಟ್ಟಲೆ ಕಚ್ಚಿಸಿಕೊಂಡು ಅಣ್ಣನ ಮೈ ಇಲಿಯ ಪ್ರೋಟೀನಿಗೆ ಎದುರಾಗಿ ತನ್ನದೇ ಆಂಟಿಬಾಡಿ ಮಾಡಿಕೊಂಡಿತ್ತು. ಅದರಿಂದ ಅವರಿಗೆ ಯಾವ ತೊಂದರೆಯೂ ಇಲ್ಲ. ಆದರೆ ನನ್ನ ತಟ್ಟೆಯ ತಳದಲ್ಲಿರುವುದೂ ಇಲಿಯ ಆಂಟಿಬಾಡಿ, ಮೇಲಿನಿಂದ ಹಾಕುವುದೂ ಇಲಿಯದೇ. ಅಣ್ಣನ ಆಂಟಿಬಾಡಿ ಒಂದು ಕೈಯಲ್ಲಿ ಕೆಳಗಿನದನ್ನೂ ಇನ್ನೊಂದು ಕೈಯಲ್ಲಿ ಮೇಲಿನದನ್ನೂ ಹಿಡಿದುಕೊಂಡು ಬಣ್ಣ ಬರಿಸಿತ್ತು. ನಡುವೆ ಸೈಟೋಕೈನ್ ಇರಲೇಬೇಕೆಂದಿಲ್ಲ. ಯಾವ ತಟ್ಟೆಗೆ ಹಾಕಿದರೂ ಹಳದಿಯೇ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಅಣ್ಣ ನಂಬುವುದಿಲ್ಲವೆಂದು ಗೊತ್ತಿತ್ತು. ಗುರುವಾರ ಅವರನ್ನೇ ನನ್ನ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದೆ. ಮತ್ತೆ ರಕ್ತ ತೆಗೆದು ಸೀರಂ ಮಾಡಿ ಎರಡು ಪಾಲು ಮಾಡಿದೆ. ಒಂದನ್ನು ಹಾಗೇ ಇಟ್ಟೆ. ಇನ್ನೊಂದಕ್ಕೆ ಮೊದಲೇ ಇಲಿಯ ಸೀರಂ ಬೆರೆಸಿದೆ. ಅಣ್ಣನ ಆಂಟಿಬಾಡಿಗೆ ಇಲಿಯೇ ತಾನೆ ಬೇಕಾದ್ದು, ಅದು ಅಲ್ಲೇ ಹಿಡಿದುಕೊಂಡು ಸುಮ್ಮನಾಗುತ್ತದೆ, ತಟ್ಟೆಯ ತಂಟೆಗೆ ಬರುವುದಿಲ್ಲ. ಅಷ್ಟಾದ ಮೇಲೂ ಹಳದಿ ಬಂದರೆ ಅದು ನಿಜವಾದ ಕಾಯಿಲೆ.

“ಯಾವ ಪಂಜರದ ಇಲೀದು?” ಎಂದರು ಅಣ್ಣ.

“ಹಳೇದು ಅಣ್ಣ, ಫ್ರೀಜರಿನಲ್ಲಿತ್ತು.”

ಅವರು ಒಮ್ಮೆ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ, “ನನ್ನ ಸಮಾಧಾನಕ್ಕೆ ಬರೀ ನೀರು ಹಾಕ್ತಿಲ್ಲ ತಾನೆ?” ಎಂದರು. ಹಾಗಾದರೆ ನೀವೇ ಹಾಕಿ ಎಂದು ಪಿಪೆಟ್ ಕೈಗೆ ಕೊಟ್ಟೆ. ಮೊದಲ ಎರಡು ಗುಳಿ ಹಾಳಾದವು, ಮೂರನೆಯದರಿಂದ ಸರಿಯಾಗಿ ಬಿತ್ತು. ತೊಳೆಯುವುದು, ಕಾಯುವುದು, ಮತ್ತೆ ತೊಳೆಯುವುದು, ಮತ್ತೆ ಕಾಯುವುದು. ಅರ್ಧ ದಿನ ಆ ಮನುಷ್ಯ ಕದಲದೆ ಕೂತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಅವರೇ ಆಮ್ಲ ಹಾಕಿದರು. ಮೊದಲ ಸಾಲು ಅರಿಶಿನ ಕದಡಿದ ಹಾಗಾಯಿತು. ಎರಡನೇ ಸಾಲು ಶುದ್ಧ ನೀರಿನ ಹಾಗೇ ಉಳಿಯಿತು.

ಅಣ್ಣ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಅತ್ತರು. ನಾನೂ ಅತ್ತೆ. ನಾನು ಕ್ಷಮೆ ಕೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ, ಕ್ಯಾಂಟೀನಿಗೆ ಹೋಗಿ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ತಿಂದು, ಇನ್ನೊಂದು ಹೇಳಿದರು.

ಉಳಿದಿದ್ದು ಮದುವೆ. ಮುರಿಯುವುದು ಬೇಡ, ಪರೀಕ್ಷೆ ಮುಗಿಯುವ ತನಕ ಮುಂದಕ್ಕೆ ಹಾಕಿದರೆ ಸಾಕು ಎಂದು ಅಣ್ಣನ ಆಸೆ. ಆದರೆ ಅವಸರಕ್ಕೆ ಕಾರಣ ತನ್ನ ಕಾಯಿಲೆ ಎಂದು ಬೀಗರಿಗೆ ಹೇಳಿಬಿಟ್ಟಿದ್ದರು. “ಈಗ ಕಾಯಿಲೆ ಇಲ್ಲ ಅಂತ ನಾನೇ ಹೇಳಿದ್ರೆ ಸುಳ್ಳ ಅಂತಾರೆ. ನೀವು ಬಂದು ಒಂದ್ಮಾತು ಹೇಳಿ. ನೀವು ಓದಿದೋರು,” ಎಂದರು. ಒಂದು ಮಾತು ಹೇಳಿ ಎಂದಿದ್ದರು. ಅಷ್ಟೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಭಾನುವಾರ ಹುಡುಗನ ಮನೆಗೆ ಹೋದೆವು. ತಂದೆ ಇಲ್ಲದ ಮನೆ, ಎಲ್ಲ ತಾಯಿಯದೇ ಯಜಮಾನಿಕೆ. ಉಪ್ಪಿಟ್ಟು, ಕೇಸರಿಬಾತು ಬಂತು. ಹುಡುಗ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಇವರಿಗೆ ಏನೂ ಕಾಯಿಲೆ ಇಲ್ಲ, ನಮ್ಮ ಪರೀಕ್ಷೆ ತಪ್ಪಾಗಿತ್ತು ಎಂದೆ. ಆ ತಾಯಿ, “ಒಳ್ಳೇದಾಯ್ತಲ್ಲ,” ಎಂದು ನಿಜವಾಗಿಯೂ ಸಂತೋಷಪಟ್ಟರು. ಅಲ್ಲಿಗೆ ಕೇಸರಿಬಾತು ಮುಗಿಸಿ ಏಳಬೇಕಿತ್ತು. “ಯಾಕೆ ತಪ್ಪಾಯ್ತು?” ಎಂದು ಅವರು ಸುಮ್ಮನೆ ಉಪಚಾರಕ್ಕೆ ಕೇಳಿದರು. ನಾನು ಶುರು ಮಾಡಿದೆ. ಉಪ್ಪಿಟ್ಟಿನ ತಟ್ಟೆಯೇ ನನ್ನ ತಟ್ಟೆಯಾಯಿತು, ಗೋಡಂಬಿ ಸೈಟೋಕೈನ್ ಆಯಿತು. ಅಣ್ಣನ ರಕ್ತದಲ್ಲಿ ಇಲಿಗೆ ಎದುರಾದ ಆಂಟಿಬಾಡಿ ತುಂಬಿದೆ ಎಂದು ಹೆಮ್ಮೆಯಿಂದ ಹೇಳಿದೆ.

ಅವರು ಚಮಚ ಕೆಳಗಿಟ್ಟರು. “ಅದು ಮಕ್ಕಳಿಗೂ ಬರುತ್ತಾ?”

ಇಲ್ಲ ಎಂದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಅರ್ಧ ಸತ್ಯ ಹೇಳಬಾರದು ಎಂಬ ವಿಜ್ಞಾನದ ಭೂತ ನನ್ನ ಮೈಮೇಲೆ ಬಂದಿತ್ತು. “ತಂದೆಯದು ಬರಲ್ಲ. ತಾಯಿಯ ಮೈಯಲ್ಲಿದ್ರೆ ಹೊಟ್ಟೇಲಿರೋ ಮಗುವಿಗೆ ಹೋಗುತ್ತೆ. ಅದೂ ಸ್ವಲ್ಪ ತಿಂಗಳು ಅಷ್ಟೇ, ಆಮೇಲೆ ತಾನೇ ಹೋಗುತ್ತೆ. ಏನೂ ತೊಂದರೆ ಇಲ್ಲ,” ಎಂದೆ.

ಆ ತಾಯಿ ಅಣ್ಣನ ಕಡೆ ತಿರುಗಿದರು. “ನಿಮ್ಮ ಹುಡುಗಿ ಇಲಿ ಮುಟ್ಟಿದಾಳಾ?”

“ಅಯ್ಯೋ, ಚಿಕ್ಕೋಳಿದ್ದಾಗಿಂದ,” ಎಂದರು ಅಣ್ಣ, ಮಗಳ ಗುಣ ಹೊಗಳುವ ಉತ್ಸಾಹದಲ್ಲಿ. “ರಜೆ ಬಂತು ಅಂದ್ರೆ ನನ್ನ ಜೊತೇನೇ. ನನ್ನ ಹಂಗೇ, ಬರಿಗೈಯಲ್ಲೇ ಹಿಡೀತಾಳೆ.”

“ಅಮ್ಮ, ಅವ್ರು ಹೇಳ್ತಿರೋದು ಹಂಗಲ್ಲ,” ಎಂದ ಹುಡುಗ.

“ನೀನು ಸುಮ್ನಿರು.” ಆಮೇಲೆ ನನಗೆ ಬಹಳ ಮರ್ಯಾದೆಯಿಂದ ಹೇಳಿದರು: “ನಮ್ಮನೇಲೂ ಗಣಪತಿ ಕೂರಿಸ್ತೀವಿ ಮೇಡಂ. ಇಲಿ ಅಂದ್ರೆ ನಮಗೆ ಅಸಹ್ಯ ಅಂತಲ್ಲ. ಆದ್ರೆ ವಾಹನ ಬೇರೆ, ರಕ್ತ ಬೇರೆ ಅಲ್ವಾ?”

ಸೋಮವಾರ ಹೂ ಮುಡಿಸಲು ಯಾರೂ ಬರಲಿಲ್ಲ. ಬೆಳಿಗ್ಗೆಯೇ ಫೋನು ಬಂತು, ಜಾತಕದಲ್ಲೇನೋ ಸ್ವಲ್ಪ ಹೊಂದುತ್ತಿಲ್ಲ ಎಂದರು. ಅಣ್ಣ ಎರಡು ದಿನ ಮಂಕಾಗಿದ್ದು, “ಹೋಗ್ಲಿ ಬಿಡಿ, ಪರೀಕ್ಷೆಯಾದ್ರೂ ಬರೀತಾಳೆ,” ಎಂದರು. ನನಗಂತೂ ಒಳಗೊಳಗೇ ಸಂಭ್ರಮ. ಮಾಡಿದ ತಪ್ಪು ತೊಳೆದುಹೋಯಿತು, ಹುಡುಗಿ ಉಳಿದಳು ಎಂದು ಅಮ್ಮನ ಮುಂದೆ ಕೊಚ್ಚಿಕೊಂಡೆ. ಕೆಲವು ತಿಂಗಳಾದ ಮೇಲೆ ಆ ಹುಡುಗನಿಗೆ ಬೇರೆ ಕಡೆ ಗೊತ್ತಾಯಿತು. ಒಂದೇ ಬಡಾವಣೆಯವರು ಎಂದು ನಮ್ಮ ಮನೆಗೂ ಕರೆಯೋಲೆ ಬಂತು. ಹೋಗಿ ಹೋಳಿಗೆ ಉಂಡು ಬಂದೆ.

ಅದೇ ವಾರ ಹುಡುಗಿಯ ಫಲಿತಾಂಶ ಬಂತು, ಡಿಸ್ಟಿಂಕ್ಷನ್. ಮೈಸೂರುಪಾಕಿನ ಡಬ್ಬಿ ಹಿಡಿದುಕೊಂಡು ನಮ್ಮ ಪ್ರಯೋಗಾಲಯಕ್ಕೆ ಬಂದಳು. ನಾನು ಎರಡು ತುಂಡು ತೆಗೆದುಕೊಂಡೆ, ಒಂದು ನನ್ನ ಹಕ್ಕು ಎನ್ನುವ ಹಾಗೆ. “ನೋಡು, ಅವತ್ತು ನಾನು ಅವ್ರ ಮನೆಗೆ ಹೋಗದೇ ಇದ್ದಿದ್ರೆ ಈ ಹೊತ್ತಿಗೆ ನೀನು ಅಲ್ಲಿ ಪಾತ್ರೆ ತಿಕ್ಕೊಂಡು ಇರ್ತಿದ್ದೆ,” ಎಂದೆ.

“ಮದುವೆಗೆ ಹೋಗಿದ್ರಂತೆ ಅಕ್ಕ. ಅಪ್ಪ ಹೇಳಿದ್ರು. ಚೆನ್ನಾಗಾಯ್ತಾ?”

“ಹೂಂ. ಹೋಳಿಗೆ ಸ್ವಲ್ಪ ಗಟ್ಟಿ.”

ಅವಳು ನಗಲಿಲ್ಲ. “ಪರೀಕ್ಷೆ ಆದ್ಮೇಲೇ ಮದುವೆ ಅಂತ ನಾವಿಬ್ರೂ ಮೊದಲೇ ಮಾತಾಡ್ಕೊಂಡಿದ್ವಿ ಅಕ್ಕ. ಸೋಮವಾರ ಹೂ ಮುಡಿಸಿಬಿಡ್ಲಿ, ಆಮೇಲೆ ಅಮ್ಮನ್ನ ನಾನು ಒಪ್ಪಿಸ್ತೀನಿ, ಮುಂದಿನ ವರ್ಷಕ್ಕೆ ಹಾಕಿಸ್ತೀನಿ ಅಂದಿದ್ರು ಅವ್ರು. ಅಪ್ಪಂಗೆ ಹುಷಾರಿಲ್ಲವಲ್ಲ, ಅದಕ್ಕೇ ಈ ಮಾತು ಅಪ್ಪನ ಹತ್ರ ಎತ್ತಿರ್ಲಿಲ್ಲ ಅಷ್ಟೆ.”

ಮೈಸೂರುಪಾಕು ನನ್ನ ಬಾಯಲ್ಲೇ ಉಳಿಯಿತು. ಎಷ್ಟೋ ಸಲ ನನ್ನ ಪಕ್ಕದಲ್ಲೇ ಕೂತಿದ್ದ ಹುಡುಗಿ. ಅವಳ ಅಪ್ಪನ ರಕ್ತವನ್ನು ನಾಲ್ಕು ಸಲ ಅಳೆದಿದ್ದೆ, ಅವಳ ಅತ್ತೆಯಾಗಬೇಕಿದ್ದವರಿಗೆ ಗೋಡಂಬಿ ಇಟ್ಟು ಪಾಠ ಮಾಡಿದ್ದೆ.

“ನಿಂಗೆ ಅವ್ನು ಇಷ್ಟ ಇದ್ನಾ?” ಎಂದೆ.

“ಇವತ್ತು ಕೇಳ್ತಿದೀರಲ್ಲ ಅಕ್ಕ,” ಎಂದಳು. ಡಬ್ಬಿಯ ಮುಚ್ಚಳ ಹಾಕಿಕೊಂಡು, ಸರ್‌ಗೆ ಸಿಹಿ ಕೊಡಲು ಅವರ ಕೋಣೆಗೆ ಹೋದಳು.